ಎಳೆ ಕಡಿದರೆ ನಿಲ್ಲುವ ಮಗ್ಗ

ಕೈಗಾರಿಕೆಯ ಚರಿತ್ರೆಯನ್ನು ಓದುವ ನಾವು ಸಾಮಾನ್ಯವಾಗಿ ಹೆನ್ರಿ ಫೋರ್ಡನವರೆಗೆ ಬಂದು ನಿಂತುಬಿಡುತ್ತೇವೆ. 1913ರಲ್ಲಿ ಆತನು ಅಮೆರಿಕದ ತನ್ನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲನ್ನು ಏರ್ಪಡಿಸಿದುದೂ, ತನ್ಮೂಲಕ ಮೋಟಾರು ಕಾರು ಅಗ್ಗವಾದುದೂ ಎಲ್ಲರಿಗೂ ತಿಳಿದ ವಿಷಯ. ಆ ಬಗೆಯ ಕಾರ್ಖಾನೆಗಳಲ್ಲಿ ಸಾಲು ನಿಲ್ಲಕೂಡದು. ತಪ್ಪಾದುದನ್ನು ಕೊನೆಯಲ್ಲಿ ತಿದ್ದಿಕೊಂಡರಾಯಿತು. ಈ ನಿಯಮವನ್ನು ತಲೆಕೆಳಗು ಮಾಡಿದುದು ಜಪಾನಿನ ಟೊಯೋಟಾ ಸಂಸ್ಥೆ.

ಅದರ ಬೇರು ಇರುವುದು ಮೋಟಾರಿನಲ್ಲಲ್ಲ, ಮಗ್ಗದಲ್ಲಿ. ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ಎಳೆ ಕಡಿದೊಡನೆ ತಾನೇ ನಿಲ್ಲುತ್ತಿತ್ತು. ಇದರ ಬೆಲೆ ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಗೊತ್ತು. ನಮ್ಮ ತಂದೆಯವರು ದುಡಿಯುವ ಪವರ್‌ಲೂಮಿಗೆ ಹಾಸಿನ ಎಳೆ ಕಡಿದರೆ ಅದರ ಪರಿವೆಯೇ ಇಲ್ಲ. ಕಣ್ಣು ತಪ್ಪಿದರೆ ಮೀಟರುಗಟ್ಟಲೆ ಬಟ್ಟೆ ಕೆಡುತ್ತದೆ. ವಾರದ ಕೂಲಿಯಲ್ಲಿ ಅಷ್ಟನ್ನು ಮುರಿದುಕೊಳ್ಳುತ್ತಾರೆ.

ಟೊಯೋಡಾ ಮನೆತನದ ಗಿರಣಿಯಿಂದ 1943ರಲ್ಲಿ ಮೋಟಾರು ಕಾರ್ಖಾನೆಗೆ ಬಂದ ತಾಯಿಚಿ ಓನೋ ಎಂಬಾತನು ಮಗ್ಗದ ಈ ಗುಣವನ್ನು ಜೋಡಣೆಯ ಸಾಲಿಗೂ ತಂದನು. ದೋಷ ಕಂಡ ಕಾರ್ಮಿಕನು ತಲೆಯ ಮೇಲಿನ ಹಗ್ಗ ಎಳೆದು ಸಾಲನ್ನೇ ನಿಲ್ಲಿಸಬಹುದು. ಅಲ್ಲಿಯೇ ಕಾರಣವನ್ನು ಹುಡುಕತಕ್ಕದ್ದು.

ಯುದ್ಧದಲ್ಲಿ ಸೋತ ಜಪಾನಿನಲ್ಲಿ ಬಂಡವಾಳವಿರಲಿಲ್ಲ. 1950ರಲ್ಲಿ ಟೊಯೋಟಾ ದಿವಾಳಿಯ ಅಂಚಿಗೆ ಬಂದು, ಮುಷ್ಕರ ನಡೆದು, ಅನೇಕರು ಕೆಲಸ ಕಳೆದುಕೊಂಡರು. ಸ್ಥಾಪಕನಾದ ಕಿಇಚಿರೋ ಟೊಯೋಡಾ ರಾಜೀನಾಮೆಯಿತ್ತನು. ಮಾರಾಟವಾಗದ ಸರಕನ್ನು ಪೇರಿಸಿಡುವುದು ಇನ್ನು ಸಾಧ್ಯವಿರಲಿಲ್ಲ. ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ ಗಿರಾಕಿ ತೆಗೆದುಕೊಂಡಷ್ಟನ್ನೇ ಮತ್ತೆ ತುಂಬಿಡುವ ಪದ್ಧತಿ ಓನೋನ ಮನಸ್ಸಿಗೆ ಹಿಡಿಸಿತು. ಮುಂದಿನ ವಿಭಾಗವು ‘ಕಾನ್‌ಬಾನ್’ ಎಂಬ ಚೀಟಿ ಕಳುಹಿಸಿದರೆ ಹಿಂದಿನ ವಿಭಾಗವು ಅಷ್ಟೇ ಬಿಡಿಭಾಗಗಳನ್ನು ಮಾಡುವುದು.

ಇಲ್ಲೊಂದು ತೊಡಕು. ತಗಡನ್ನು ಒತ್ತುವ ಯಂತ್ರದ ಅಚ್ಚು ಬದಲಿಸಲು ಗಂಟೆಗಟ್ಟಲೆ ಹಿಡಿದರೆ, ಒಮ್ಮೆ ಕೂರಿಸಿದ ಅಚ್ಚಿನಿಂದ ಸಾವಿರಾರು ಬಿಡಿಭಾಗಗಳನ್ನು ಒತ್ತಿಡುವುದೇ ಲಾಭ. ಉಗ್ರಾಣ ತುಂಬುವುದು ಹೀಗೆ. ಶಿಗಿಯೊ ಶಿಂಗೋ ಮೊದಲಾದವರು ಆ ಕೆಲಸವನ್ನು ಕೆಲವೇ ನಿಮಿಷಗಳಿಗೆ ಇಳಿಸಿದರು. ನನ್ನ ಮಟ್ಟಿಗೆ ಇಡೀ ಪದ್ಧತಿಯ ಕೀಲು ಇದೇ, ಚೀಟಿಗಿಂತಲೂ ದೊಡ್ಡದು.

1982ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಮುಚ್ಚಿದ್ದ ಫ್ರೀಮಾಂಟ್ ಕಾರ್ಖಾನೆಯನ್ನು 1984ರಲ್ಲಿ ಟೊಯೋಟಾ ಜೊತೆಗೂಡಿ ತೆರೆಯಿತು. ಬಹುಪಾಲು ಹಳೆಯ ಕಾರ್ಮಿಕರೇ. ಕಾರುಗಳು ಮಾತ್ರ ಉತ್ತಮವಾದವು. ಹಾಗೆಂದು ದೋಷವಿಲ್ಲವೆಂದಲ್ಲ. 2011ರ ಭೂಕಂಪದಲ್ಲಿ ಬಿಡಿಭಾಗಗಳು ಬಾರದೆ ಟೊಯೋಟಾದ ಕಾರ್ಖಾನೆಗಳೇ ನಿಂತವು.

ಈ ಲೇಖನವನ್ನು ತಂದೆಯವರಿಗೆ ಓದಿ ಹೇಳಿದೆ. ಹಗ್ಗದ ವಿಷಯ ಬಂದಾಗ ಅವರು ತಡೆದು ಕೇಳಿದರು: “ಮಗ್ಗ ನಿಂತಷ್ಟು ಹೊತ್ತು ಕೂಲಿ ಯಾರು ಕೊಡ್ತಾರಪ್ಪಾ?” ಮೀಟರಿನ ಲೆಕ್ಕದಲ್ಲಿ ಕೂಲಿ ಪಡೆಯುವವರ ಪ್ರಶ್ನೆಯದು. ನಾನು ಓದಿದ ಪುಸ್ತಕಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.