ಬೇಸಿಗೆಯಲ್ಲಿ ತೋಟದ ಗಿಡಗಳಿಗೂ ಹುಲ್ಲುಹಾಸಿಗೂ ನೀರು ಕೊಡುವ ಕ್ರಮ

(ಮಾಗಡಿ ತಾಲ್ಲೂಕು ಕುದೂರು ಹೋಬಳಿಯ ಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ತಿಳಿವಳಿಕೆಗಾಗಿ)

ಪೀಠಿಕೆ.— ಕುದೂರಿನ ಸುತ್ತಮುತ್ತಣ ಭೂಮಿಯು ಬಹುಮಟ್ಟಿಗೆ ಮರಳು ಬೆರೆತ ಕೆಂಪು ಮಣ್ಣಿನದು. ಈ ಮಣ್ಣು ನೀರನ್ನು ಬೇಗ ಹೀರುವುದು, ಬೇಗ ಕಳೆದುಕೊಳ್ಳುವುದು. ವರ್ಷದ ಮಳೆಯಲ್ಲಿ ಬಹುಪಾಲು ಮೇ ತಿಂಗಳಿನಿಂದ ಅಕ್ಟೋಬರ್ ವರೆಗೆ ಬೀಳುವುದರಿಂದ, ಫಾಲ್ಗುಣ ಮಾಸದಿಂದ ಕೃತ್ತಿಕೆ ಮಳೆಯ ವರೆಗೆ ಗಿಡಮರಗಳು ಬಾವಿಯ ನೀರನ್ನೇ ನಂಬಿ ಬದುಕಬೇಕು. ಬಾವಿಗಳು ಇಳಿಯುವುದೂ ಇದೇ ಕಾಲದಲ್ಲಿಯೇ. ಹಿಂದೆ ಕಪಿಲೆ ಮತ್ತು ಏತಗಳಿಂದ ನೀರೆತ್ತುತ್ತಿದ್ದಾಗ ಎತ್ತು ಆಳುಗಳ ಶಕ್ತಿಯೇ ನೀರಿನ ಖರ್ಚಿಗೆ ಮಿತಿಯಾಗಿದ್ದಿತು. ಕೊಳವೆಬಾವಿಗಳೂ ವಿದ್ಯುತ್ ಪಂಪುಗಳೂ ಬಂದ ಮೇಲೆ ಆ ಮಿತಿಯು ತಪ್ಪಿತು. ಆದುದರಿಂದ ಈಗ ರೈತನು ತಾನಾಗಿಯೇ ಲೆಕ್ಕವಿಟ್ಟು ನೀರನ್ನು ಹಂಚತಕ್ಕದ್ದು.

1. ಬೇರಿಗೆ ಮುಟ್ಟುವಂತೆ ನೀರು ಕೊಡುವುದು.— ಪ್ರತಿದಿನವೂ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವ ಪದ್ಧತಿಯು ಒಳ್ಳೆಯದಲ್ಲ. ಅದರಿಂದ ಮೇಲಿನ ಒಂದೆರಡು ಅಂಗುಲ ಮಣ್ಣು ಮಾತ್ರ ನೆನೆದು, ಮಧ್ಯಾಹ್ನದೊಳಗೆ ಆ ನೀರು ಆವಿಯಾಗಿಹೋಗುವುದು. ಬೇರುಗಳೂ ಆಳಕ್ಕಿಳಿಯದೆ ಮೇಲೆಯೇ ಹರಡಿಕೊಂಡು, ಒಂದು ದಿನ ನೀರು ತಪ್ಪಿದರೂ ಬೆಂದುಹೋಗುವುವು. ನಾಲ್ಕಾರು ದಿನಗಳಿಗೊಮ್ಮೆ ಆಳವಾಗಿ ನೀರು ಕೊಟ್ಟರೆ ಬೇರುಗಳು ತೇವವನ್ನು ಹಿಂಬಾಲಿಸಿ ಕೆಳಕ್ಕೆ ಹೋಗುವುವು. ನೀರು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ತಿಳಿಯಲು ಕಬ್ಬಿಣದ ಸರಳೊಂದನ್ನು ನೆಲಕ್ಕೆ ಒತ್ತಿ ನೋಡಬೇಕು. ನೆನೆದ ಮಣ್ಣಿನಲ್ಲಿ ಅದು ಸುಲಭವಾಗಿ ಇಳಿದು, ಒಣಮಣ್ಣು ಸಿಕ್ಕಿದೊಡನೆ ತಡೆದು ನಿಲ್ಲುವುದು.

2. ಕಾಲ.— ಬೆಳಗಿನ ಹೊತ್ತು ಬಿಸಿಲೇರುವುದಕ್ಕೆ ಮುಂಚೆ ನೀರು ಕೊಡುವುದು ಉತ್ತಮ. ಸಂಜೆ ನೆಲದ ಕಾವು ಆರಿದ ಮೇಲೆ ಕೊಡುವುದು ಮಧ್ಯಮ. ಹುಲ್ಲುಹಾಸಿಗೆ ಬೆಳಗ್ಗೆಯೇ ಕೊಡಬೇಕು. ರಾತ್ರಿಯೆಲ್ಲಾ ಹುಲ್ಲು ಒದ್ದೆಯಾಗಿದ್ದರೆ ಬೂಷ್ಟುರೋಗಗಳಿಗೆ ಅವಕಾಶವಾಗುವುದು. ನಡುಹಗಲಿನಲ್ಲಿ ಎಲೆಗಳು ಜೋತುಬಿದ್ದ ಮಾತ್ರಕ್ಕೆ ಗಿಡಕ್ಕೆ ನೀರಿಲ್ಲವೆಂದು ತಿಳಿಯಕೂಡದು. ಸಂಜೆಯಾಗುತ್ತಲೇ ಅವು ನಿಮಿರಿಕೊಂಡರೆ ಬೇರಿನಲ್ಲಿ ತೇವವಿದೆಯೆಂದರ್ಥ. ಬೆಳಗ್ಗೆಯೂ ಬಾಡಿಯೇ ಇದ್ದರೆ ತಡಮಾಡದೆ ನೀರು ಕೊಡತಕ್ಕದ್ದು.

3. ಸ್ಥಳ ಮತ್ತು ಪ್ರಮಾಣ.— ಫಲಕ್ಕೆ ಬಂದ ತೆಂಗಿನ ಮರದ ಬೇರುಗಳಲ್ಲಿ ಬಹುಪಾಲು ಬುಡದಿಂದ 6 ಅಡಿಯೊಳಗೆ ಹರಡಿರುವುವು. ಬುಡಕ್ಕೆ ಮಾತ್ರ ನೀರು ಸುರಿದರೆ ಅವುಗಳಿಗೆ ಮುಟ್ಟದು. ಬುಡದ ಸುತ್ತಲೂ 6 ಅಡಿ ದೂರದ ವರೆಗೆ ಪಾತಿ ಮಾಡಿ, ನಾಲ್ಕು ದಿನಗಳಿಗೊಮ್ಮೆ ಸುಮಾರು 200 ಲೀಟರು ನೀರನ್ನು ಪಾತಿಯ ಎಲ್ಲ ಕಡೆಗೂ ಹರಡುವಂತೆ ಬಿಡಬೇಕು. ನೆಟ್ಟು ಎರಡು ವರ್ಷವಾಗದ ತೆಂಗಿನ ಸಸಿಗೆ ನಾಲ್ಕು ದಿನಗಳಿಗೊಮ್ಮೆ 45 ಲೀಟರು, ಎಂದರೆ 15 ಲೀಟರು ಹಿಡಿಯುವ ಕೊಡದಲ್ಲಿ ಮೂರು ಕೊಡ, ಸಾಕು. ಎಳೆಯ ಮಾವಿನ ಗಿಡಗಳಿಗೆ ವಾರಕ್ಕೊಮ್ಮೆ ಪಾತಿ ತುಂಬ ನೀರು ಕೊಟ್ಟು, ಪಡುವಣ ದಿಕ್ಕಿಗೆ ತೆಂಗಿನ ಗರಿಯ ಮರೆ ಕಟ್ಟಬೇಕು.

ಪಂಪಿನ ನೀರನ್ನು ಅಳೆಯುವುದು ಕಷ್ಟವಲ್ಲ. 200 ಲೀಟರು ಹಿಡಿಯುವ ಪೀಪಾಯಿಯು ಎರಡು ನಿಮಿಷದಲ್ಲಿ ತುಂಬಿದರೆ ಗಂಟೆಗೆ 6,000 ಲೀಟರು ಬರುವುದೆಂದು ತಿಳಿಯಬೇಕು. ಇದು 30 ತೆಂಗಿನ ಮರಗಳಿಗೆ ಒಂದು ಸರದಿಗೆ ಸಾಕಾಗುವುದು. ದಿನಕ್ಕೆ ಒಂದೇ ಗಂಟೆ ಪಂಪು ನಡೆಸಿದರೂ ನಾಲ್ಕು ದಿನಗಳ ಸರದಿಯಲ್ಲಿ 120 ಮರಗಳನ್ನು ಕಾಪಾಡಬಹುದು. ವಿದ್ಯುಚ್ಛಕ್ತಿ ಬಂದೊಡನೆ ಪಂಪು ತಾನಾಗಿ ನಡೆಯುವಂತೆ ಬಿಟ್ಟು ಮಲಗುವವನ ತೋಟದಲ್ಲಿ ಈ ಲೆಕ್ಕವು ನಿಲ್ಲದು. ಒಂದೇ ಪಾತಿಯು ಕೆರೆಯಾಗಿ, ಉಳಿದವು ಒಣಗುವುವು.

4. ಮುಚ್ಚಿಗೆ.— ನೀರು ಕೊಟ್ಟ ಮರುದಿನ ಪಾತಿಯಲ್ಲಿ ಮೂರು ನಾಲ್ಕು ಅಂಗುಲ ದಪ್ಪಕ್ಕೆ ತರಗೆಲೆ, ಹೊಂಗೆಸೊಪ್ಪು, ಅವರೆಯ ಹೊಟ್ಟು ಅಥವಾ ತೆಂಗಿನ ಗರಿಗಳನ್ನು ಹರಡಬೇಕು. ತೆಂಗಿನ ಸಿಪ್ಪೆಯನ್ನು ಉಬ್ಬು ಮೇಲಾಗಿ ಜೋಡಿಸುವುದೂ ಒಳ್ಳೆಯದು. ರಾಗಿಯ ಹುಲ್ಲು ದನಗಳ ಮೇವಾದುದರಿಂದ ಇದಕ್ಕೆ ಬಳಸಬೇಕಾದುದಿಲ್ಲ. ಮುಚ್ಚಿಗೆಯು ಗಿಡದ ಕಾಂಡಕ್ಕೆ ತಗಲಕೂಡದು. ಗೆದ್ದಲು ಹತ್ತಿದೆಯೇ ಎಂದು ಆಗಾಗ್ಗೆ ಎತ್ತಿ ನೋಡುತ್ತಿರಬೇಕು.

5. ಮಡಕೆಯ ನೀರು ಮತ್ತು ಹನಿ ನೀರು.— ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಗಿಡದ ಪಕ್ಕದಲ್ಲಿ ಕತ್ತಿನ ವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟರೆ, ಮಣ್ಣು ಒಣಗಿದಷ್ಟೂ ನೀರು ಮಡಕೆಯಿಂದ ಒಸರುತ್ತಿರುವುದು. ಚೀನಾ ದೇಶದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಫಾನ್ ಶೆಂಗ್‌ಝಿ ಎಂಬ ವ್ಯವಸಾಯ ಪಂಡಿತನು ಬಳ್ಳಿಕಾಯಿಗಳಿಗೆ ಈ ಕ್ರಮವನ್ನು ಬರೆದಿಟ್ಟಿದ್ದಾನೆ. ಕುಂಬಾರನ ಮಡಕೆಯೊಂದರ ಬೆಲೆಗೆ ಹಿತ್ತಲಿನ ಕುಂಬಳ, ಸೋರೆ, ಹೀರೆಬಳ್ಳಿಗಳನ್ನು ಉಳಿಸಿಕೊಳ್ಳಬಹುದು. ದೊಡ್ಡ ತೋಟಕ್ಕೆ ಹನಿ ನೀರಾವರಿಯೇ ಮೇಲು. ಗಂಟೆಗೆ 4 ಲೀಟರು ಬಿಡುವ ಎರಡು ಹನಿಕೆಗಳು 5 ಗಂಟೆಗಳಲ್ಲಿ ಮರಕ್ಕೆ 40 ಲೀಟರು ಕೊಡುವುವು. ಆದರೆ ಸೋಸುಕವನ್ನು ಆಗಾಗ್ಗೆ ತೊಳೆಯದಿದ್ದರೆ ಹನಿಕೆಗಳು ಕಟ್ಟಿಕೊಂಡು ಮರವು ಗೊತ್ತಿಲ್ಲದೆಯೇ ಒಣಗುವುದು.

6. ಹುಲ್ಲುಹಾಸು.— ಶಾಲೆ, ಕಚೇರಿ, ದೇವಸ್ಥಾನಗಳ ಮುಂದೆ ಹುಲ್ಲುಹಾಸು ಬೆಳೆಸುವುದು ನೋಟಕ್ಕೆ ಚೆಂದವೇ ಸರಿ. ಆದರೆ ಅದರ ಖರ್ಚನ್ನು ಅರಿತಿರಬೇಕು. 10 ಮೀಟರು ಉದ್ದ, 10 ಮೀಟರು ಅಗಲದ ಹುಲ್ಲನ್ನು ಒಂದು ಅಂಗುಲ ಮಳೆ ಬಿದ್ದಂತೆ ನೆನೆಸಲು ಸುಮಾರು 2,500 ಲೀಟರು ನೀರು ಬೇಕು; ಇದು ಹನ್ನೆರಡು ತೆಂಗಿನ ಮರಗಳ ಒಂದು ಸರದಿಯ ನೀರು. ಗರಿಕೆಯು ನೀರಿಲ್ಲದೆ ಕಂದಿಹೋದರೂ ನೆಲದೊಳಗಿನ ಗೆಣ್ಣುಗಳಲ್ಲಿ ಜೀವವಿಟ್ಟುಕೊಂಡು, ಮಳೆ ಬಿದ್ದ ಕೆಲವು ದಿನಗಳಲ್ಲಿ ಮತ್ತೆ ಚಿಗುರುವುದು. ಆದುದರಿಂದ ಬಾವಿ ಇಳಿದ ವರ್ಷ ಹುಲ್ಲನ್ನು ಒಣಗಲು ಬಿಡುವುದರಲ್ಲಿ ನಷ್ಟವಿಲ್ಲ. ಅದನ್ನು ನೆಲಮಟ್ಟಕ್ಕೆ ಕತ್ತರಿಸದೆ ಎರಡು ಮೂರು ಅಂಗುಲ ಉದ್ದ ಬಿಡಬೇಕು.

7. ನೀರು ಸಾಲದಾದಾಗ ಸರದಿ.— ಮೊದಲನೆಯದಾಗಿ, ಕಳೆದ ಮಳೆಗಾಲದಲ್ಲಿ ನೆಟ್ಟ ಸಸಿಗಳು. ಇವುಗಳ ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಎರಡನೆಯದಾಗಿ, ಅಡಿಕೆ ಮತ್ತು ತೆಂಗು. ಇವೆರಡರಲ್ಲಿ ಅಡಿಕೆಯು ಬರವನ್ನು ತಾಳಲಾರದು. ಮೂರನೆಯದಾಗಿ, ತರಕಾರಿ. ಹುಲ್ಲುಹಾಸು ಎಲ್ಲಕ್ಕಿಂತ ಕಡೆಯದು. ಒಣಗಿದ ತರಕಾರಿಯ ಮಡಿಯನ್ನು ಮಳೆ ಬಂದ ಮೇಲೆ ಪುನಃ ಬಿತ್ತಬಹುದು. ಒಣಗಿದ ನಾಟಿ ತೆಂಗಿನ ಮರದ ಜಾಗದಲ್ಲಿ ಸಸಿ ನೆಟ್ಟರೆ ಫಲಕ್ಕೆ ಆರೇಳು ವರ್ಷ ಕಾಯಬೇಕು. ಬಚ್ಚಲಿನ ನೀರನ್ನು ಬಾಳೆ ಮತ್ತು ತೆಂಗಿಗೆ ತಿರುಗಿಸಬೇಕು. ಸೊಪ್ಪಿನ ಮಡಿಗಳಿಗೆ ಹಾಯಿಸಕೂಡದು.

8. ಮುಖಂಡರ ಕರ್ತವ್ಯ.— ನೆಲದೊಳಗಿನ ನೀರಿಗೆ ಬದುಗಳಿಲ್ಲ. ಇದೇ ತಾಲ್ಲೂಕಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಅರ್ಕಾವತಿಗೆ ಅಡ್ಡಲಾಗಿ 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿಯ ಕಟ್ಟೆಗೆ ಒಳಹರಿವು ಕ್ರಮೇಣ ಕುಗ್ಗಿಹೋಯಿತು. ಮೇಲಣ ಪ್ರದೇಶದ ಅಂತರ್ಜಲ ಕುಸಿದುದೂ ನೀಲಗಿರಿ ತೋಪುಗಳು ಹೆಚ್ಚಿದುದೂ ಇದಕ್ಕೆ ಕಾರಣಗಳೆಂದು ಶಾಸ್ತ್ರಜ್ಞರು ಹೇಳಿರುವರು. ಒಬ್ಬನು ವ್ಯರ್ಥವಾಗಿ ಹರಿಸಿದ ನೀರು ನೆರೆಯವನ ಬಾವಿಗೂ ಊರ ಗೋಕಟ್ಟೆಗೂ ಕೊರತೆಯಾಗುವುದೆಂದು ಮುಖಂಡರು ಜನರಿಗೆ ತಿಳಿಯಹೇಳತಕ್ಕದ್ದು. ಪ್ರತಿವರ್ಷವೂ ಯುಗಾದಿಗೆ ಮುಂಚಿತವಾಗಿ ತಮ್ಮ ಪಂಪಿನ ನೀರನ್ನು ಅಳೆದು, ಮರಗಳನ್ನು ಎಣಿಸಿ, ಸರದಿಯನ್ನು ಗೊತ್ತುಮಾಡಿಕೊಂಡು, ಇತರರಿಗೆ ಮಾದರಿಯಾಗಬೇಕು.