ಬಣ್ಣ ನೋಡದ ಸಂವಿಧಾನ: ಅಮೆರಿಕದ ಸಂಪ್ರದಾಯವಾದಿಗಳ ವಾದ

ಅಮೆರಿಕದ ಸಂವಿಧಾನ ಪ್ರಜೆಯ ಬಣ್ಣ ನೋಡಬಾರದು ಎಂಬುದು ಅಲ್ಲಿನ ಸಂಪ್ರದಾಯವಾದಿಗಳ ಮುಖ್ಯ ವಾದ. ಇದರ ಬೇರು 1896ರ ಪ್ಲೆಸ್ಸಿ ವಿರುದ್ಧ ಫರ್ಗುಸನ್ ಪ್ರಕರಣದಲ್ಲಿದೆ. ರೈಲಿನಲ್ಲಿ ಕಪ್ಪುವರ್ಣೀಯರಿಗೆ ಪ್ರತ್ಯೇಕ ಬೋಗಿ ಸರಿಯೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಒಪ್ಪಿದರು. ಹಿಂದೆ ಸ್ವತಃ ಗುಲಾಮರನ್ನು ಹೊಂದಿದ್ದ ಜಾನ್ ಮಾರ್ಷಲ್ ಹಾರ್ಲನ್ ಒಬ್ಬರೇ, ಸಂವಿಧಾನ ಬಣ್ಣ ನೋಡುವುದಿಲ್ಲವೆಂದು ಭಿನ್ನಮತ ಬರೆದರು.

ಜನಾಂಗದ ಆಧಾರದ ತಾರತಮ್ಯವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ರಿಪಬ್ಲಿಕನ್ ನಾಯಕ ಎವರೆಟ್ ಡರ್ಕ್ಸನ್ ಬೆಂಬಲ ಕೂಡಿಸಿದರು. ಆದರೆ ಅದೇ ಪಕ್ಷದ ಬ್ಯಾರಿ ಗೋಲ್ಡ್‌ವಾಟರ್ ಖಾಸಗಿ ಹೋಟೆಲು, ಉದ್ಯೋಗಗಳಲ್ಲಿ ಕೈಹಾಕಲು ಒಕ್ಕೂಟ ಸರ್ಕಾರಕ್ಕೆ ಅಧಿಕಾರವಿಲ್ಲವೆಂದು ವಿರೋಧಿಸಿದರು.

2023ರಲ್ಲಿ ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಜನಾಂಗ ಆಧಾರಿತ ಪ್ರವೇಶ ನೀತಿಯನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರು ಹಾರ್ಲನ್ ಅವರ ವಾದವನ್ನೇ ಎತ್ತಿಹಿಡಿದರು; ಸೋನಿಯಾ ಸೊಟೊಮೇಯರ್ ಭಿನ್ನಮತ ದಾಖಲಿಸಿದರು.

ನೆನಪಿಡಬೇಕಾದದ್ದು: ಥಾಮಸ್ ಮತ್ತು ಸೊಟೊಮೇಯರ್ ಅವರ ಎರಡೂ ಬಣಗಳು ನೆಚ್ಚುವುದು 1868ರ 14ನೇ ತಿದ್ದುಪಡಿಯ ಸಮಾನ ರಕ್ಷಣೆಯ ವಿಧಿಯನ್ನೇ.