ಕೇಳಿದಂತೆ ಬರೆಯಲು ಬರುವ ಹೆಸರು

ಶಿರಸಿಯ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲ ಶರಬತ್ತು ಮಾಡಿ ಮಾರಲು ಶುರುಮಾಡಿದಾಗ ಹೆಸರಿಗಾಗಿ ನಾನು ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಒಂದೊಂದು ಕಾಲಕ್ಕೆ ಒಂದೊಂದು ತಿನಿಸು, ಹಾಗಾಗಿ ‘ಋತುರುಚಿ’. ಕನ್ನಡದ ಬೋರ್ಡು ನೋಡಿದವರೆಲ್ಲ ಚೆಂದ ಇದೆ ಎಂದರು. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ವೆಬ್‌ಸೈಟ್ ವಿಳಾಸ ಕೊಂಡೆ: ಆರ್, ಯು, ಟಿ, ಎಚ್, ಯು, ಆಮೇಲೆ ರುಚಿ. ಗೀತಾ, ಲತಾ ಎಂದು ಬರೆಯುವಾಗ ಟಿ ಪಕ್ಕ ಎಚ್ ಹಾಕುವುದು ನಮ್ಮ ಕಡೆಯ ರೂಢಿ. ಬೇರೆಯವರು ಬೇರೆ ಥರ ಬರೆದಾರು ಎಂದು ಹೊಳೆಯಲೇ ಇಲ್ಲ.

“ಅಕ್ಕಾ, ಆರ್ ಐ ಹಾಕಿದೆ, ನಿಮ್ಮ ಅಂಗಡಿ ಸಿಗ್ತಾನೇ ಇಲ್ಲ” ಎಂದು ದೆಹಲಿಯಿಂದ ಮೊದಲ ಫೋನು ಬಂತು. ಹಿಂದಿಯವರ ಬಾಯಲ್ಲಿ ಋ ಎಂದರೆ ರಿ. ಮರಾಠಿಯವರು ನಮ್ಮಂತೆ ರು ಎನ್ನುತ್ತಾರೆ, ಆದರೆ ತಕಾರಕ್ಕೆ ಎಚ್ ಹಾಕುವುದಿಲ್ಲ. ಹೀಗೆ ಒಂದೇ ಹೆಸರು ದೆಹಲಿಯಲ್ಲಿ ಒಂದು, ಪುಣೆಯಲ್ಲಿ ಒಂದು, ಮೈಸೂರಿನಲ್ಲಿ ಇನ್ನೊಂದು ಆಯಿತು.

ಅಂಚೆಯಲ್ಲಿ ಇಂಥ ತಪ್ಪು ನಡೆಯುತ್ತದೆ. ಲಕೋಟೆಯ ಮೇಲೆ ಶಿರಸಿ ಎಂದಿರಲಿ, ಸಿರ್ಸಿ ಎಂದಿರಲಿ, 581401 ಪಿನ್‌ಕೋಡ್ ನೋಡಿ ಪೋಸ್ಟ್‌ಮ್ಯಾನ್ ಮನೆಗೆ ತಲುಪಿಸುತ್ತಾನೆ. ವೆಬ್ ವಿಳಾಸಕ್ಕೆ ಆ ದಾಕ್ಷಿಣ್ಯವಿಲ್ಲ. ಒಂದಕ್ಷರ ತಪ್ಪಿದರೆ ಖಾಲಿ ಪುಟ, ಇಲ್ಲವೇ ಬೇರೆಯವರ ಅಂಗಡಿ. ಮುಂಬೈಯ ಒಬ್ಬರು ಮಗಳ ಮದುವೆಗೆ ಉಡುಗೊರೆ ಕೊಡಲು ಉಪ್ಪಿನಕಾಯಿ ಬೇಕೆಂದು ಇಮೇಲ್ ಕಳಿಸಿದ್ದರಂತೆ. ಎಚ್ ಬಿಟ್ಟುಹೋಗಿದ್ದರಿಂದ ಅದು ಮರಳಿ ಹೋಯಿತು. ನಾವು ವ್ಯಾಪಾರ ಬಿಟ್ಟೆವು ಎಂದೇ ಅವರು ತಿಳಿದಿದ್ದರು. ಮಾರಿಕಾಂಬಾ ಜಾತ್ರೆಗೆ ಊರಿಗೆ ಬಂದಾಗ ಅವರೇ ಹೇಳಿದ ಮೇಲೆ ನನಗೆ ಗೊತ್ತಾಯಿತು. ಹೀಗೆ ಹೇಳದೆಯೇ ಹೋದವರು ಎಷ್ಟೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಇದರ ಮೇಲೆ, ಬಾಟಲಿಯ ಲೇಬಲ್‌ನಲ್ಲಿ ಒಂದು ಸ್ಪೆಲಿಂಗ್, ಬ್ಯಾಂಕ್ ಖಾತೆಯಲ್ಲಿ ಇನ್ನೊಂದು. ಯುಪಿಐ ಸ್ಕ್ಯಾನ್ ಮಾಡಿದವರು ಫೋನಿನಲ್ಲಿ ಬಂದ ಹೆಸರು ನೋಡಿ, “ದುಡ್ಡು ನಿಮಗೇ ಬರ್ತದಾ?” ಎಂದು ಕೇಳುತ್ತಿದ್ದರು. ತಿನ್ನುವ ವಸ್ತು ಮಾರುವವರಿಗೆ ಇಂಥ ಅನುಮಾನ ಒಳ್ಳೆಯದಲ್ಲ.

ಕೊನೆಗೆ ಹೆಸರನ್ನೇ ಬದಲಿಸಲು ಗಟ್ಟಿಮನಸ್ಸು ಮಾಡಿದೆ. ಈ ಸಲ ಹಾಳೆ ಇಟ್ಟುಕೊಂಡು, ಇಂಗ್ಲಿಷಿನಲ್ಲಿ ಬರೆಯುವಾಗ ಕೈಕೊಡುವ ಅಕ್ಷರಗಳನ್ನು ಮೊದಲು ಪಟ್ಟಿಮಾಡಿದೆ. ಜ್ಞ ಬಂದರೆ ನಾವು ಜಿ ಎನ್ ಅಥವಾ ಜೆ ಎನ್ ಬರೆಯುತ್ತೇವೆ, ಮರಾಠಿಯವರು ಡಿ ಎನ್ ವೈ. ದೀರ್ಘ ಬಂದರೆ ಒಂದು ಐ ಹಾಕುವುದೋ ಎರಡು ಇ ಹಾಕುವುದೋ ಎಂಬ ಗೊಂದಲ. ಳ, ಣಗಳಿಗೆ ಅಲ್ಲಿ ಬೇರೆ ಅಕ್ಷರವೇ ಇಲ್ಲ. ಹಳ್ಳಿ ಎಂದು ಬರೆದರೂ ಓದುವವರಿಗೆ ಹಲ್ಲಿ ಆಗಬಹುದು. ತ, ಥ, ಮಹಾಪ್ರಾಣ, ಶ, ಷ ಎಲ್ಲವನ್ನೂ ದೂರವಿಟ್ಟೆ. ಉಳಿದ ಪದಗಳಲ್ಲಿ ನನಗೆ ಹಿಡಿಸಿದ್ದು ‘ಮಿಡಿಮನೆ’.

ಬೋರ್ಡು ಬರೆಸುವ ಮೊದಲು ಹತ್ತು ಜನರಿಗೆ ಫೋನ್ ಮಾಡಿದೆ. ಹುಬ್ಬಳ್ಳಿಯ ಚಿಕ್ಕಮ್ಮ, ಬೆಂಗಳೂರಿನ ಅಳಿಯ, ಪುಣೆಯ ಗಿರಾಕಿ, ಹೀಗೆ. ಹೆಸರನ್ನು ಒಮ್ಮೆ ಮಾತ್ರ ಹೇಳಿ, ಇಂಗ್ಲಿಷಿನಲ್ಲಿ ಬರೆದು ವಾಟ್ಸಾಪ್ ಮಾಡಿ ಎಂದೆ. ಒಂಬತ್ತು ಜನ ಒಂದೇ ಥರ ಬರೆದರು. ಒಬ್ಬರು ಮಾತ್ರ ಕೊನೆಗೆ ಐ ಹಾಕಿದ್ದರು. ಆ ವಿಳಾಸವನ್ನೂ ಕೊಂಡು ಸರಿಯಾದದ್ದಕ್ಕೆ ಜೋಡಿಸಿದೆ. ಹಳೆಯ ವಿಳಾಸವನ್ನೂ ಬಿಡದೆ ನವೀಕರಿಸುತ್ತಿದ್ದೇನೆ, ಹಳೆಯ ಗಿರಾಕಿಗಳು ಅಲ್ಲಿಂದಲೇ ಹೊಸ ಅಂಗಡಿಗೆ ಬರುತ್ತಾರೆ.

ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟಿನಲ್ಲೂ ಹುಡುಕಿದೆ. ಅಲ್ಲಿ ಉಚ್ಚಾರಣೆಯಲ್ಲಿ ಹತ್ತಿರವಿರುವ ಹೆಸರುಗಳನ್ನೂ ನೋಡಬಹುದು. ಸ್ಪೆಲಿಂಗ್ ಬೇರೆಯಿದ್ದರೂ ಕೇಳಲು ಒಂದೇ ಥರ ಇದ್ದರೆ ತಕರಾರು ಬರಬಹುದು. ಒಮ್ಮೆ ನೋಂದಣಿಯಾದರೆ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು.

2014ರ ನವೆಂಬರ್ 1ರಂದು ಬೆಂಗಳೂರು, ಶಿವಮೊಗ್ಗ ಸೇರಿ ನಮ್ಮ 12 ಊರುಗಳ ಹೆಸರುಗಳನ್ನು ಇಂಗ್ಲಿಷಿನಲ್ಲೂ ಕನ್ನಡದಂತೆ ಬರೆಯುವ ಪದ್ಧತಿ ಬಂತು. ಅದರ ಹಿಂದೆ ಸರ್ಕಾರವಿತ್ತು. ಸಣ್ಣ ವ್ಯಾಪಾರಿಯ ಹೆಸರಿನ ಹಿಂದೆ ಅಂಥ ಬಲವಿಲ್ಲ, ಜನ ಹೇಗೆ ಬರೆಯುತ್ತಾರೋ ಅದೇ ನಮ್ಮ ವಿಳಾಸ.

ಸುಲಭದ ಹೆಸರು ಬೇಕೆಂದು ಇಂಗ್ಲಿಷ್ ಪದಕ್ಕೆ ಕೈಹಾಕಬೇಡಿ. ಮನೆ, ಮರ, ಮಿಡಿ, ಕಡಲು, ಹೀಗೆ ಕೇಳಿದವರು ತಪ್ಪದೆ ಬರೆಯಬಲ್ಲ ಪದಗಳು ಕನ್ನಡದಲ್ಲೇ ಬೇಕಾದಷ್ಟಿವೆ. ಲೇಬಲ್ ಅಚ್ಚು ಹಾಕಿಸುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು, ನಿಮ್ಮ ಹೆಸರನ್ನು ಹತ್ತು ಜನರಿಗೆ ಫೋನಿನಲ್ಲಿ ಹೇಳಿ ಬರೆಸಿ ನೋಡಿ.